ಅಕ್ಕನ ಪಾಲಿನ ಒಣ ಕಟ್ಟಿಗೆ

ನಾನು ಹೇಳಬೇಕಾಗಿದ್ದ ಒಂದು ಮಾತನ್ನು ಎಂಟು ದಿನ ಹೇಳಲಿಲ್ಲ. ನನ್ನ ತಪ್ಪು ಇಷ್ಟೇ. ಕೇಳಿದವರಿಗೆ ಇದೂ ಒಂದು ತಪ್ಪೇ ಎನಿಸಬಹುದು. ಆಡಿದ ಮಾತಿಗಾಗಿ ಊರಲ್ಲಿ ಜಗಳಗಳಾಗಿವೆ, ನೆಂಟಸ್ತಿಕೆಗಳು ಮುರಿದಿವೆ. ಆಡದ ಮಾತಿಗಾಗಿ ಯಾರೂ ಯಾರ ಕೊರಳಪಟ್ಟಿ ಹಿಡಿದದ್ದನ್ನು ನಾನು ಕಂಡಿಲ್ಲ. ಆ ಧೈರ್ಯದ ಮೇಲೆಯೇ ನಾನೂ ಸುಮ್ಮನೆ ಕೂತೆ. ಆದರೆ ಹಾಗೆ ಕೂತವನ ಎದುರಿಗೇ ಒಡಹುಟ್ಟಿದ ಅಕ್ಕ ತನ್ನದಲ್ಲದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು, "ಹೌದರಿ, ನನಗ ಬರಲ್ಲರಿ" ಎಂದು ಬೀಗರ ಮುಂದೆ ತಲೆ ತಗ್ಗಿಸಿದರೆ, ಆ ಆಡದ ಮಾತಿನ ಭಾರ ಒಂದು ಗಾಡಿ ಹಸಿ ಜಾಲಿ ಕಟ್ಟಿಗೆಗಿಂತ ಹೆಚ್ಚು. ಅಂದಾಜಿನ ಮೇಲೆ ಹೇಳುತ್ತಿಲ್ಲ. ಎರಡನ್ನೂ ಹೊತ್ತು ನೋಡಿದ್ದೇನೆ.

ನನ್ನ ಹೆಸರು ಮಾಣಿಕಪ್ಪ. ಭಾಲ್ಕಿಯಲ್ಲಿ ಕಟ್ಟಿಗೆ ಮಾರುವ ಅಡ್ಡಾ ಇಟ್ಟಿದ್ದೇನೆ. ಓದಿದ್ದು ಏಳನೆಯ ಇಯತ್ತೆ. ಅಲ್ಲಿಂದ ಮುಂದಿನ ಓದೆಲ್ಲ ಕಟ್ಟಿಗೆಯ ಮೇಲೆಯೇ ಆಯಿತು. ಮನೆಮನೆಗೆ ಗ್ಯಾಸ್ ಬಂದ ಕಾಲದಲ್ಲಿ ಕಟ್ಟಿಗೆ ಯಾರು ಒಯ್ಯುತ್ತಾರೆ ಎಂದು ಕೇಳುವವರು ನಮ್ಮ ಜಿಲ್ಲೆಯ ಚಳಿ ಕಾಣದವರು. ಬೀದರ್ ಅಂದರೆ ಬರೀ ಬಿಸಿಲು ಎಂದು ದೂರದ ಮಂದಿ ತಿಳಿದಿದ್ದಾರೆ. ದೀಪಾವಳಿ ಮುಗಿದ ಮೇಲೆ ಅವರು ಒಮ್ಮೆ ಬಂದು ಬೆಳಗಿನ ಜಾವ ನಮ್ಮ ಬಾವಿಯ ನೀರು ಮೈಮೇಲೆ ಸುರಿದುಕೊಳ್ಳಲಿ. ಆಮೇಲೆ ಕಟ್ಟಿಗೆಯ ಮಾತು ಆಡೋಣ. ಚಳಿಗಾಲದಲ್ಲಿ ನಮ್ಮಲ್ಲಿ ಮನುಷ್ಯರ ಮುಖ ಕಾಣುವುದಿಲ್ಲ. ಮಫ್ಲರು ಮಫ್ಲರಿಗೆ ನಮಸ್ಕಾರ ಮಾಡುತ್ತದೆ, ಅಷ್ಟೇ.

ಕಟ್ಟಿಗೆಯ ವಿಷಯ ಬಂದರೆ ನನಗೆ ಸ್ವಲ್ಪ ಸೊಕ್ಕು. ಸ್ವಲ್ಪ ಎಂದೆನೆ? ನನ್ನ ಹೆಂಡತಿ ಓದಿದರೆ ನಗುತ್ತಾಳೆ. ಹಸಿ ಕಟ್ಟಿಗೆ ಉರಿಸುವುದೆಂದರೆ ಮೊದಲು ಆ ಕಟ್ಟಿಗೆಯೊಳಗಿನ ನೀರನ್ನು ಕಾಯಿಸುವುದು. ಮನೆಯವರು ಹಂಡೆಯ ನೀರು ಯಾವಾಗ ಕಾದೀತು ಎಂದು ಚೊಂಬು ಹಿಡಿದು ಕೂತಿರುತ್ತಾರೆ, ಬೆಂಕಿ ಮಾತ್ರ ಕಟ್ಟಿಗೆಗೇ ಸ್ನಾನ ಮಾಡಿಸುತ್ತ ಕೂತಿರುತ್ತದೆ. ಅರ್ಧ ಶಾಖ ಹಾಗೆ ಹೋಯಿತು, ಉಳಿದದ್ದು ಹೊಗೆಯಾಗಿ ಹೋಯಿತು, ನಿಮಗೆ ದಕ್ಕಿದ್ದು ಕೆಮ್ಮು. ಒಣ ಕಟ್ಟಿಗೆ ಹಾಗಲ್ಲ. ಅರ್ಧ ಕಟ್ಟಿಗೆಯಲ್ಲಿ ಪೂರಾ ಕೆಲಸ, ಉರಿ ಕೇಸರಿ ಬಣ್ಣ, ಹೊಗೆ ಎಲ್ಲಿದೆ ಎಂದು ಹುಡುಕಬೇಕು. ಅದು ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ನಾಲ್ಕು ಗುರುತುಗಳಿವೆ. ತುದಿಯಲ್ಲಿ ಸೀಳು ಬಿಟ್ಟಿರುತ್ತದೆ, ತೊಗಟೆ ಉಗುರಿಗೆ ಏಳುತ್ತದೆ, ಕೈಗೆ ಹಗುರಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡದು ದನಿ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ 'ಠಣ್' ಅನ್ನಬೇಕು. 'ಧಪ್' ಅಂದಿತೋ, ಒಳಗೆ ಇನ್ನೂ ಮಳೆಗಾಲ ನಡೆದಿದೆ ಎಂದರ್ಥ. ಈ ಬಡಿಯುವ ಚಟ ನನಗೆ ಎಷ್ಟಿದೆಯೆಂದರೆ, ಒಮ್ಮೆ ಮದುವೆಯೊಂದರಲ್ಲಿ ಊಟಕ್ಕೆ ಕೂತವನು ಮೇಜಿನ ಕಾಲು ಬಡಿದು, "ಇದು ಹಸಿ ಇದ್ದಾಗ ಮಾಡಿದ್ದು, ಬಾಳಿಕಿ ಬರಲ್ಲ" ಎಂದಿದ್ದೆ. ಸಾರು ಬಡಿಸುವಷ್ಟರಲ್ಲಿ ಮೇಜು ನನ್ನ ಮಾತು ಉಳಿಸಿತು, ನನ್ನ ಧೋತರ ಉಳಿಯಲಿಲ್ಲ. "ಈ ವಿದ್ಯೆ ಎಲ್ಲಿ ಕಲತೀರಿ?" ಎಂದು ಯಾರಾದರೂ ಕೇಳಿದರೆ, "ಯಾರು ಕಲಸ್ತಾರ್ರಿ, ನಾನೇ ಕಂಡುಕೊಂಡೀನಿ" ಎನ್ನುತ್ತಿದ್ದೆ. ಈ ಮಾತಿನ ಲೆಕ್ಕ ಮುಂದೆ ಚುಕ್ತಾ ಆಗುತ್ತದೆ.

ನನ್ನ ಅಕ್ಕ ಕಮಳಾಬಾಯಿ ಬೀದರಿನ ಚಿದ್ರಿಯಲ್ಲಿದ್ದಾಳೆ. ಭಾವ ಅಲ್ಲೇ ರಸ್ತೆಯ ಮೇಲೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಅವರ ಒಬ್ಬಳೇ ಮಗಳು ಅಶ್ವಿನಿಯನ್ನು ಔರಾದಿಗೆ ಕೊಟ್ಟಿದೆ. ಹೋದ ಯುಗಾದಿಗೆ ಅಕ್ಕ ಫೋನು ಮಾಡಿ, ಮೊದಲು ಬೇವು ಬೆಲ್ಲದ ಮಾತು ಆಡಿ, ಆಮೇಲೆ ದನಿ ಇಳಿಸಿ, ಅಶ್ವಿನಿಗೆ ದಿನ ತುಂಬುವುದು ದೀಪಾವಳಿಯ ಹೊತ್ತಿಗೆ ಎಂದಳು. "ಮಾಣಿಕ, ನನಗ ಬ್ಯಾರೆ ಏನೂ ಬ್ಯಾಡ. ಬಾಣಂತನ ಚಳಿಯೊಳಗ ಬರ್ತದ. ಒಂದು ಗಾಡಿ ಒಣ ಕಟ್ಟಿಗಿ ತಗದಿಡು, ಸಾಕು." ನಾನು ಲೆಕ್ಕ ಹಾಕಿ ನೋಡಿದೆ. ನನಗೆ ತಿಳಿವಳಿಕೆ ಬಂದಾಗಿನಿಂದ ಅಕ್ಕ ನನ್ನನ್ನು ಕೇಳಿದ ಮೊದಲನೆಯ ವಸ್ತು ಅದು. ಅಕ್ಕಂದಿರು ಕೊಡುವುದೇ ರೂಢಿಯಾಗಿರುವ ಮನೆಗಳಲ್ಲಿ ತಮ್ಮಂದಿರಿಗೆ ಕೇಳಿಸಿಕೊಳ್ಳುವ ಅಭ್ಯಾಸ ಇರುವುದಿಲ್ಲ. ನನ್ನ ಎದೆ ಉಬ್ಬಿತು.

ಆ ಬೇಸಿಗೆಯಲ್ಲಿ ಅಷ್ಟೂರ ಕಡೆಯಿಂದ ಬಂದ ಬೇವು ಮತ್ತು ಜಾಲಿಯಲ್ಲಿ ಹುಳು ಮುಟ್ಟದ ತುಂಡುಗಳನ್ನೇ ಆರಿಸಿ, ಕೈಯಾರೆ ಸೀಳಿದೆ. ಕೆಳಗೆ ಇಟ್ಟಿಗೆ, ಅದರ ಮೇಲೆ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ, ಮೇಲೆ ಒಂದು ತಗಡು, ನಾಲ್ಕೂ ಬದಿಗೆ ಬಯಲು. ಮಂದಿ ಏನು ಮಾಡುತ್ತಾರೆ, ಕಟ್ಟಿಗೆಯ ಮೇಲೆ ಪ್ರೀತಿ ಹೆಚ್ಚಾಗಿ ತಲೆಯಿಂದ ಕಾಲಿನವರೆಗೆ ತಾಡಪತ್ರಿ ಹೊದಿಸಿಬಿಡುತ್ತಾರೆ. ಒಳಗೆ ಅದು ಬೆವರಿ ಬೆವರಿ ಬೂಸರು ಬರುತ್ತದೆ. ಕಟ್ಟಿಗೆಗೆ ಬೇಕಾದದ್ದು ತಲೆಯ ಮೇಲೊಂದು ಸೂರು, ಮೈತುಂಬ ಗಾಳಿ. ನನ್ನ ಅಡ್ಡಾದಲ್ಲಿ ಇನ್ನೊಂದು ಪದ್ಧತಿ ಇದೆ. ಬರೆದಿಡುವುದು ನನಗೆ ಅಷ್ಟು ಒಗ್ಗುವುದಿಲ್ಲ, ಹಾಗಾಗಿ ಯಾರ ಪಾಲಿನ ಕಟ್ಟಿಗೆಯೋ ಅವರ ಮನೆಯ ಹಳೆಯ ಬಟ್ಟೆಯ ಚುಂಗನ್ನು ಒಟ್ಟಿಲಿಗೆ ಕಟ್ಟಿಡುತ್ತೇನೆ. ಹೋಟೆಲಿನವರದು ಟವೆಲ್ಲಿನ ತುಂಡು, ದರ್ಜಿಯದು ಅಂಗಿಯ ತೋಳು. ಅಕ್ಕನ ಒಟ್ಟಿಲಿಗೆ ಅವಳ ಹಸಿರು ಸೀರೆಯ ಅಂಚು ಕಟ್ಟಿದೆ. ಮಳೆಗಾಲವಿಡೀ ಆ ಒಟ್ಟಿಲಿನ ಮುಂದೆ ಹಾಯುವಾಗ ಒಂದು ತುಂಡು ತೆಗೆದು ಬಡಿಯುವುದು, 'ಠಣ್' ಎನ್ನಿಸುವುದು, ಮೀಸೆಯ ಮೇಲೆ ಕೈ ಹಾಕುವುದು ನನ್ನ ದಿನಚರಿಯಾಗಿತ್ತು.

ಇಲ್ಲಿಯವರೆಗೆ ನಾನು ಒಳ್ಳೆಯ ಮನುಷ್ಯ. ಇನ್ನು ಮುಂದಿನದನ್ನು ಕೇಳಿರಿ.

ದಸರೆ ಮುಗಿದ ಮೇಲೆ ಔರಾದಿನ ಬೀಗರು, ಅಂದರೆ ಅಶ್ವಿನಿಯ ಮಾವ, ಯಾವುದೋ ಕೆಲಸಕ್ಕೆ ಭಾಲ್ಕಿಗೆ ಬಂದವರು ಅಡ್ಡಾದ ಕಡೆ ಹಾಯ್ದರು. ಬೀಗರು ಬಂದರೆ ಚಹಾ ತರಿಸಬೇಕು. ಚಹಾ ಬರುವವರೆಗೆ ಏನಾದರೂ ಮಾತಾಡಬೇಕು. ನಾನು ಕಟ್ಟಿಗೆಯ ಮಾತು ಬಿಟ್ಟರೆ ಬೇರೆ ಏನೂ ಬಲ್ಲವನಲ್ಲ. ಅವರನ್ನು ನೇರವಾಗಿ ಅಕ್ಕನ ಒಟ್ಟಿಲಿನ ಮುಂದೆ ನಿಲ್ಲಿಸಿ, ಎರಡು ತುಂಡು ತೆಗೆದು ಬಡಿದೆ. ದೇವರ ಗಂಟೆ ಬಾರಿಸಿದ ಹಾಗಾಯಿತು. ಬೀಗರು ಕಣ್ಣರಳಿಸಿ, "ವಾಹ್! ನಮ್ಮ ಊರಾಗ ಇಂಥಾ ಕಟ್ಟಿಗಿ ಸಿಗಲ್ಲರಿ. ನಮ್ಮ ಮನ್ಯಾಗಂತೂ ಹೊಗಿಗೆ ಸಾಕಾಗ್ಯಾದ" ಎಂದರು. ಆಮೇಲೆ ಆ ಪ್ರಶ್ನೆ ಕೇಳಿದರು. "ಇದು ಯಾರ ಸಲುವಾಗಿ ಇಟ್ಟೀರಿ?"

ಉತ್ತರ ಎರಡೇ ಎರಡು ಶಬ್ದದ್ದು. "ಅಕ್ಕನ ಸಲುವಾಗಿ" ಎಂದಿದ್ದರೆ ಬೀಗರು ತಲೆಯಾಡಿಸಿ, ಚಹಾ ಕುಡಿದು, ಬಸ್ಸು ಹತ್ತುತ್ತಿದ್ದರು. ಆದರೆ ನನ್ನ ನಾಲಿಗೆ ನನ್ನನ್ನು ಕೇಳದೆ, "ನಿಮ್ಮ ಸಲುವಾಗೇರಿ! ಬೀಗರ ಮನಿ ಅಂದ್ರ ಏನ್ರಿ ಮತ್ತ?" ಎಂದುಬಿಟ್ಟಿತು. ಬೀಗರು ಬೇಡ ಬೇಡ ಎಂದರು. ಬೀಗರು ಬೇಡ ಎಂದಷ್ಟೂ ಕೊಡುವುದು ನಮ್ಮ ಕಡೆಯ ಪದ್ಧತಿ. ಮರುದಿನವೇ ಅಕ್ಕನ ಪಾಲಿನ ಬೇವು ಜಾಲಿಯೆಲ್ಲ ಟೆಂಪೋ ಹತ್ತಿ ಔರಾದಿಗೆ ಹೋಯಿತು. ಆ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಬಸವಣ್ಣನ ಹಾದಿಯಲ್ಲಿ ನಡೆವ ಮನೆತನ ನಮ್ಮದು, ದಾಸೋಹ ಅಂದರೆ ಇದೇ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನ ತಟ್ಟೆಯಿಂದ ಎತ್ತಿ ಬೀಗರಿಗೆ ಬಡಿಸುವುದಕ್ಕೆ ದಾಸೋಹ ಅನ್ನುವುದಿಲ್ಲ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಅಕ್ಕನಿಗೆ? ಅಡ್ಡಾದ ಹಿಂದೆ ಮಳೆಗಾಲದ ಕೊನೆಗೆ ಕಡಿದ ಜಾಲಿ ಬಿದ್ದಿತ್ತು. ಮೇಲೆ ತಾಡಪತ್ರಿ. ಹೌದು, ಇಷ್ಟು ಹೊತ್ತು ನಾನು ಬೈದೆನಲ್ಲ, ಅದೇ ತಾಡಪತ್ರಿ, ಅದೇ ಹೊದಿಕೆ. ತುಂಡುಗಳನ್ನು ನಾಲ್ಕು ದಿನ ಬಿಸಿಲಿಗೆ ಹರವಿದೆ. ಮೇಲಿನ ಮೈ ಬೆಳ್ಳಗಾಯಿತು, ತುದಿಯಲ್ಲಿ ಒಂದೆರಡು ಸಣ್ಣ ಸೀಳೂ ಬಂದವು. ನೋಡುವುದಕ್ಕೆ ಒಣಗಿದ ಹಾಗೇ ಇತ್ತು. ಆ ಒಟ್ಟಿಲನ್ನು ನಾನು ಬಡಿದು ನೋಡಲಿಲ್ಲ. ಮೇಜಿನ ಕಾಲನ್ನೂ ಬಿಡದೆ ಬಡಿಯುವ ಮನುಷ್ಯ ಅದನ್ನು ಮಾತ್ರ ಬಡಿಯಲಿಲ್ಲ. ಬಡಿದರೆ ಅದು ನಿಜ ಹೇಳುತ್ತದೆ ಎಂದು ಗೊತ್ತಿತ್ತು.

ಈಗ ಭಾವನ ಒಲೆಯ ಕಥೆ. ದವಾಖಾನೆಯ ಸಿಸ್ಟರ್ ಒಬ್ಬರು, "ಬಾಣಂತಿ ಮಂಚದ ಬುಡಕ್ಕ ಕೆಂಡದ ಬುಟ್ಟಿ ಇಡಬ್ಯಾಡ್ರಿ, ಕೂಸಿಗೆ ಹೊಗಿ ಚಲೋ ಅಲ್ಲ" ಎಂದು ಅಕ್ಕನಿಗೆ ಹೇಳಿದ್ದರು. ಭಾವ ಆ ಮಾತನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡು, ಒಂದು ಕಬ್ಬಿಣದ ಡ್ರಮ್ಮಿಗೆ ಬಾಗಿಲು, ಬೂದಿಯ ತಟ್ಟೆ, ಗಾಳಿ ಬಿಡಲು ಕಿಂಡಿ, ಹೊಗೆ ಹೋಗಲು ಗೋಡೆ ದಾಟಿ ಮೇಲೇರುವ ಪೈಪು, ಎಲ್ಲ ಕೂಡಿಸಿ ಒಂದು ಒಲೆ ಮಾಡಿದ್ದರು. ಬಾಣಂತಿಯ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಅದನ್ನು ಇಟ್ಟರೆ ಕೋಣೆಗೆ ಬೆಚ್ಚಗೆ, ಮೇಲೆ ಹಂಡೆ ಇಟ್ಟರೆ ಸ್ನಾನಕ್ಕೆ ನೀರು. ಬೆಂಕಿ ಒಳಗೆ, ಹೊಗೆ ಹೊರಗೆ. ಅಂಥ ಕೆಲಸಗಾರ ನಮ್ಮ ಭಾವ ಎಂದು ನನಗೆ ಇಂದಿಗೂ ಹೆಮ್ಮೆ. ಆದರೆ ದೀಪಾವಳಿಗೆ ಅಶ್ವಿನಿ ಗಂಡು ಕೂಸು ಹೆತ್ತು ಮನೆಗೆ ಬಂದ ಮೇಲೆ, ನಾನು ಕಳಿಸಿದ ಹಸಿ ಕಟ್ಟಿಗೆ ಆ ಒಲೆಯೊಳಗೆ ಹೋಗಿ ಕುಳಿತು, ತುದಿಯಿಂದ ಬುರುಬುರು ನೊರೆ ಉಗುಳಿ, ಸುಯ್ ಎಂದು ಅತ್ತು, ಹೊಗೆಯನ್ನು ಪೈಪು ಹತ್ತಿಸದೆ ಬಾಗಿಲಿನಿಂದಲೇ ವಾಪಸು ಕಳಿಸಿತು. ಪೈಪಿನಲ್ಲಿ ಡಾಂಬರಿನಂಥ ಕರಿ ನೀರು ಇಳಿಯತೊಡಗಿತು. ಭಾವ ತಪ್ಪು ಪೈಪಿನದೇ ಎಂದು ತಿಳಿದು ಅದನ್ನು ಎರಡು ಅಡಿ ಏರಿಸಿದರು. ಹೊಗೆ ನಿಲ್ಲಲಿಲ್ಲ. ಮತ್ತೆ ಮೂರು ಅಡಿ. ಓಣಿಯವರು ಬಂದು, "ಏನ್ರಿ ಸಾವ್ಕಾರ್ರ, ಟವರ್ ಕೂಡ್ಸಲಕತ್ತೀರೇನು? ನಮಗೂ ಜರಾ ನೆಟ್‌ವರ್ಕ್ ಬಿಡ್ರಿ" ಎಂದು ಕೇಳಿಹೋದರು.

ಅಕ್ಕ ಫೋನು ಮಾಡಿದಳು. "ಮಾಣಿಕ, ಕಟ್ಟಿಗಿ ಜರಾ ಹೊಗಿ ಹಾಕ್ಲಕತ್ತಾವ."

ನಾನು ಏನು ಹೇಳಬೇಕಿತ್ತು, ಏನು ಹೇಳಿದೆ! "ಅಕ್ಕಾ, ನೀ ಹಚ್ಚೋದು ಬರಾಬರ್ ಇಲ್ಲ. ಮೊದಲ ನಾಲ್ಕು ತೊಗರಿ ಕಡ್ಡಿ ಇಡು. ಅದು ಹತ್ತಿದ ಮ್ಯಾಲ ಸಣ್ಣ ತುಂಡು, ಆಮ್ಯಾಲ ದೊಡ್ಡದು. ಕಿಂಡಿ ತಗದಿಡು. ಒಮ್ಮಿಗೇ ಬಾಯಿ ತುಂಬ ತುರುಕಬ್ಯಾಡ." ಪೂರ್ತಿ ಪಾಠ ಮಾಡಿದೆ. ಆ ಕಡೆಯಿಂದ ಅಕ್ಕ ಒಂದೊಂದು ಮಾತಿಗೂ "ಹೂಂ, ಹೂಂ" ಎಂದಳು. ನಾವು ಹುಟ್ಟಿ ಬೆಳೆದ ಬಗದಲ್‌ನ ಮನೆಯಲ್ಲಿ, ಒಲೆಯ ಮುಂದೆ ನಾನು ಬರೀ ಚಡ್ಡಿಯಲ್ಲಿ ಕೂತು ಮೂಗು ಸೋರಿಸುತ್ತಿದ್ದ ಕಾಲದಲ್ಲಿ, ತೊಗರಿ ಕಡ್ಡಿಯಿಂದ ಬೆಂಕಿ ಹಚ್ಚುವುದನ್ನು ನನಗೆ ತೋರಿಸಿಕೊಟ್ಟವಳು ಇದೇ ಅಕ್ಕ. ಆ "ಹೂಂ" ಕೇಳುವಾಗ ಅದು ನೆನಪಾಯಿತು. ನೆನಪಾದ ತಕ್ಷಣ ಗಿರಾಕಿ ಬಂದರು ಎಂದು ಹೇಳಿ ಫೋನಿಟ್ಟೆ. ಗಿರಾಕಿ ಬಂದಿರಲಿಲ್ಲ.

ತೊಟ್ಟಿಲ ದಿನ ಔರಾದಿನ ಬೀಗರ ಮನೆಯವರೆಲ್ಲ ಚಿದ್ರಿಗೆ ಬಂದರು. ಅಶ್ವಿನಿಯ ಸೋದರಮಾವನಾಗಿ ನಾನೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಪಡಸಾಲೆಗೆ ಕಾಲಿಟ್ಟರೆ ಯಾರ ಮುಖ ಯಾವುದೆಂದು ತಿಳಿಯಲೊಲ್ಲದು. ಒಬ್ಬರಿಗೊಬ್ಬರು ಕಣ್ಣೀರಿಟ್ಟು ಮಾತಾಡಿಸುತ್ತಿದ್ದಾರೆ. ಹೊರಗಿನವರು ಕಂಡಿದ್ದರೆ, ಹೆಣ್ಣು ಒಪ್ಪಿಸಿಕೊಡುವ ಮನೆ ಎನ್ನಬೇಕು. ಕೂಸು ಒಳಗೆ ಸೀನಿತು. ಬೀಗತಿ ಸುಶೀಲಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮೊಮ್ಮಗನಿಗೆ ತಂದ ಬೆಳ್ಳಿಯ ಕಡಗದ ಗಂಟನ್ನು ಅಕ್ಕನ ಕೈಗೆ ಕೊಟ್ಟರು. ಕೊಡುತ್ತ ನನ್ನ ಕಡೆ ನೋಡಿ ನಕ್ಕು, "ಬೀಗರ ಕಟ್ಟಿಗಿಗೆ ಹಸರು ಚುಂಗು ಕಟ್ಟಿ ಎಷ್ಟು ಚಂದ ಮಾಡಿ ಕಳಿಸಿದ್ರು ನೋಡ್ರಿ! ಹಸರು ಅಂದ್ರ ಶುಭ ಅಂತ ಬಿಸಾಡ್ಲಿಲ್ಲ, ಕಡಗ ಅದರಾಗೇ ಕಟ್ಟಿ ತಂದೀನಿ" ಎಂದರು.

ಅಕ್ಕ ಗಂಟು ಬಿಚ್ಚಿದಳು. ಕಡಗವನ್ನು ತಟ್ಟೆಯಲ್ಲಿಟ್ಟಳು. ತನ್ನದೇ ಸೀರೆಯ ಅಂಚನ್ನು ಎರಡು ಸಲ ಬೆರಳಿಗೆ ಸುತ್ತಿ, ಬಿಡಿಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಬೀಗತಿ ಕೂತರು, ಕೆಮ್ಮಿದರು, ಒಲೆಯ ಕಡೆ ನೋಡಿದರು. "ಏನ್ ಬೀಗತಿ ಇದು? ಅದೇ ಅಡ್ಡಾ, ಅದೇ ಕಟ್ಟಿಗಿ. ನಮ್ಮ ಮನ್ಯಾಗ ತುಪ್ಪ ಹಾಕಿದಂಗ ಉರೀತಾವ. ನಿಮ್ಮಲ್ಲಿ ಯಾಕ ಹಿಂಗ?"

"ಯಾಕೋ ಏನೋರಿ" ಎಂದಳು ಅಕ್ಕ.

"ಕಟ್ಟಿಗಿ ಚಲೋ ಇದ್ರ ಸಾಕಾಗಲ್ಲರಿ, ಹಚ್ಚೋ ಕೈ ಬೇಕು. ಕೂಸು ಸೀನ್ಲಕತ್ತದ ನೋಡ್ರಿ. ಸಿಟ್ಟಿಗೇಳಬ್ಯಾಡ್ರಿ, ಬರೋ ಸೋಮವಾರ ಗಾಡಿ ತರ್ತೇವಿ. ತಾಯಿ ಕೂಸು ಇಬ್ಬರನ್ನೂ ಕರ್ಕೊಂಡು ಹೋಗ್ತೇವಿ. ನಮ್ಮ ಮನಿ ಬೆಚ್ಚಗದ, ಹೊಗಿ ಇಲ್ಲ."

ಚೊಚ್ಚಲ ಬಾಣಂತನ ಐದು ತಿಂಗಳು ತವರಿನಲ್ಲಿ ಆಗಬೇಕು. ತಿಂಗಳೂ ತುಂಬದೆ ಮಗಳು ತೊಟ್ಟಿಲ ಸಮೇತ ಗಂಡನ ಮನೆಗೆ ಹೋದಳು ಎಂದರೆ, ಆ ತಾಯಿಗೆ ಸಾಕುವುದು ತಿಳಿಯಲಿಲ್ಲ ಎಂದು ಓಣಿಯೇ ಮಾತಾಡುತ್ತದೆ. ಅಕ್ಕ ಅದಕ್ಕಾಗಿ ಆರು ತಿಂಗಳಿಂದ ಬಾಣಂತಿಯ ಉಂಡಿಗೆಂದು ಅಂಟು, ಖಾರೀಕು, ಕೊಬ್ಬರಿ ಕೂಡಿಸಿಟ್ಟಿದ್ದಳು. ಅಶ್ವಿನಿ ಕೋಣೆಯ ಬಾಗಿಲಲ್ಲಿ ನಿಂತು ತಾಯಿಯ ಮುಖ ನೋಡಿದಳು. ಭಾವ ತಮ್ಮ ಪೈಪು ನೋಡಿದರು. ಅಕ್ಕ ಬೀಗತಿಯ ಕಡೆ ತಿರುಗಿ, "ಹೌದರಿ. ನನಗ ಈ ಡ್ರಮ್ಮಿನ ಒಲಿ ಹಚ್ಚಲಾಕ ಬರಲ್ಲರಿ" ಎಂದಳು.

ಆಗ ನಾನು ಏಕೆ ಮಾತಾಡಲಿಲ್ಲ? ಬಾಯಲ್ಲಿ ಶೇಂಗಾ ಹೋಳಿಗೆ ಇತ್ತು. ಚಿದ್ರಿಯಿಂದ ಭಾಲ್ಕಿಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ನಾನು ಕೊಟ್ಟುಕೊಂಡ ಕಾರಣ ಇದೇ. ಹೋಳಿಗೆ ಇಲ್ಲದಿದ್ದರೆ ಹೇಳಿಯೇ ಬಿಡುತ್ತಿದ್ದೆ! ಆದರೆ ಒಂದು ಹೋಳಿಗೆ ನುಂಗಲು ಎಷ್ಟು ಹೊತ್ತು ಬೇಕು? ನಾನು ಎಂಟು ದಿನ ಅಗಿದೆ. ಕಣ್ಣಲ್ಲಿ ನೀರೂ ಬಂದಿತ್ತು, ಅದನ್ನೂ ಹೊಗೆಯ ಲೆಕ್ಕಕ್ಕೆ ಜಮಾ ಮಾಡಿದರು. ಹಸಿ ಕಟ್ಟಿಗೆಯಿಂದ ನನಗಾದ ಉಪಕಾರ ಅದೊಂದೇ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಕಟ್ಟಿಗಿ ಬಡದು ಹಸೀದೋ ಒಣಾದೋ ಹೇಳ್ತೀರಿ. ನಿಮ್ಮನ್ನ ಯಾರರೆ ಬಡದು ನೋಡಬೇಕಾಗಿತ್ತು" ಎಂದಳು. "ಹೋಗಿ ಹೇಳ್ರಿ, ತಪ್ಪು ನಂದು ಅಂತ." ನಾನು ಹೇಳುವ ಬದಲು ಒಂದು ಉಪಾಯ ಮಾಡಿದೆ. ಬುದ್ಧಿವಂತರಿಗೆ ಕ್ಷಮೆ ಕೇಳುವುದಕ್ಕಿಂತ ಉಪಾಯ ಮಾಡುವುದು ಸುಲಭ. ನಮ್ಮ ಮನೆಯ ಸ್ನಾನಕ್ಕೆಂದು ಹಿತ್ತಲಿನಲ್ಲಿ ಇಟ್ಟಿದ್ದ ಎರಡು ವರ್ಷದ ಹುಣಸೆ ಮತ್ತು ಬೇವನ್ನೆಲ್ಲ ಸೋಮವಾರ ಬೆಳಿಗ್ಗೆ ಟೆಂಪೋಗೆ ಹೇರಿ, ಮೇಲೆ ತೊಗರಿ ಕಡ್ಡಿ ಮುಚ್ಚಿ, ಬೀಗರು ಬರುವ ಮೊದಲೇ ಚಿದ್ರಿ ಮುಟ್ಟುವುದು. ಹಿತ್ತಿಲ ಬಾಗಿಲಿನಿಂದ ಇಳಿಸುವುದು. ಹಸಿಯದನ್ನು ಹೊತ್ತು ತರುವುದು. ಹೊಗೆ ತಾನಾಗಿಯೇ ನಿಂತಿತು, ಭಾವನ ಪೈಪಿನ ಎತ್ತರ ಕೊನೆಗೂ ಸಾಕಾಯಿತು ಎನ್ನುವುದು. ನನ್ನ ಹೆಸರು ಉಳಿಯಿತು, ಅಕ್ಕನ ಮಗಳೂ ಉಳಿದಳು. ಇಡೀ ವಾರ ನಾನು ತಣ್ಣೀರು ಸ್ನಾನ ಮಾಡಬೇಕು, ಇದು ನನಗೆ ನಾನೇ ಹಾಕಿಕೊಂಡ ಶಿಕ್ಷೆ. ಶಿಕ್ಷೆ ಎಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಟೆಂಪೋ ನಿಲ್ಲಿಸಿ ಇಳಿದರೆ, ಅಕ್ಕ ಅಲ್ಲೇ ಇದ್ದಾಳೆ. ನಾನು ಕಳಿಸಿದ ಹಸಿ ಜಾಲಿಯನ್ನು ಬೆರಳು ಗಾತ್ರಕ್ಕೆ ಸೀಳಿ ಸೀಳಿ ಗೋಡೆಗೆ ಆನಿಸಿ ಬಿಸಿಲಿಗೆ ನಿಲ್ಲಿಸಿದ್ದಾಳೆ. ಕೊಡಲಿ ಪಕ್ಕದಲ್ಲಿದೆ. ಅಂಗೈಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ನನ್ನ ಗಾಡಿಯ ಕಡೆ ನೋಡಿ, ತೊಗರಿ ಕಡ್ಡಿ ಸರಿಸಿ, ಎರಡು ತುಂಡು ತೆಗೆದು ಬಡಿದಳು. ಠಣ್.

"ಹಾಂ. ಇದು ಕಟ್ಟಿಗಿ" ಎಂದಳು.

"ಅಕ್ಕಾ, ಅದು..."

"ಮೊದಲನೇ ಗಾಡಿ ಇಳಿದ ದಿನಾನೇ ಬಡದು ನೋಡಿದ್ದೆ ತಮ್ಮಾ. ಧಪ್ ಅಂತು. ಯಾರದೋ ಪಾಲಿಂದು ತಪ್ಪಿ ಬಂದದೇನೋ ಅನಕೊಂಡೆ. ತೊಟ್ಟಿಲ ದಿನ ಚುಂಗು ಕಂಡಿತು, ಎಲ್ಲಾ ತಿಳೀತು."

"ಮತ್ತ ಅವತ್ತು ಯಾಕ ಅನ್ನಲಿಲ್ಲ? ನನಗ ಬರಲ್ಲ ಅಂತ ಯಾಕ ಅಂದಿ?"

ಅಕ್ಕ ನಕ್ಕಳು. "ನನ್ನ ಕೈ ಕೆಟ್ಟದು ಅಂದ್ರ ಯಾರೂ ನನ್ನ ರೊಟ್ಟಿ ತಿನ್ನೋದು ಬಿಡಲ್ಲ. ಕಮಳಾಬಾಯಿ ತಮ್ಮನ ಕಟ್ಟಿಗಿ ಹಸೀದು ಅಂದ್ರ ನಿನ್ನ ಅಡ್ಡಾಕ್ಕ ಯಾರು ಬರ್ತಾರ? ನಡಿ, ಇಳಸು. ಅವರು ಬರೋ ಹೊತ್ತಾಯ್ತು."

ಅಷ್ಟು ಹೇಳಿ ಸೊಂಟದಿಂದ ಹಸಿರು ಚುಂಗು ತೆಗೆದು ನನ್ನ ಕೈಗಿಟ್ಟಳು. "ಈ ಸಲ ಬರಾಬರ್ ಕಟ್ಟು." ನನಗೆ ಆರೇಳು ವರ್ಷವಿದ್ದಾಗ ಎರಡು ಜಾಲಿ ತುಂಡು ನನ್ನ ಕಿವಿಯ ಹತ್ತಿರ ಬಡಿದು, "ಕೇಳು, ಇದು ಅಳ್ತದ, ಇದು ನಗ್ತದ" ಎಂದು ಕಲಿಸಿದವಳು ಇವಳೇ. ನಾನೇ ಕಂಡುಕೊಂಡೆ ಎಂದು ಭಾಲ್ಕಿಗೆಲ್ಲ ಸಾರಿದ ವಿದ್ಯೆ ಅದು. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಅಕ್ಕನ ಕಿವಿಯನ್ನು ಬಂಡವಾಳ ಮಾಡಿಕೊಂಡು ಅಡ್ಡಾ ನಡೆಸಿದವನು ನಾನು.

ಹುಣಸೆ ಕಟ್ಟಿಗೆ ಒಲೆ ಹೊಕ್ಕಿದ್ದೇ ತಡ, ಡ್ರಮ್ಮು ಗುಂ ಎಂದು ದನಿ ಮಾಡಿತು. ಉರಿ ನೆಟ್ಟಗೆ ನಿಂತಿತು. ಪೈಪಿನ ಬಾಯಲ್ಲಿ ಹೊಗೆ ಕಾಣದೆ ಭಾವ ಅಂಗಳದಲ್ಲಿ ನಿಂತು ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದರು. ಕೂಸು ಬೆಚ್ಚಗೆ ಮಲಗಿತು. ಅಷ್ಟರಲ್ಲಿ ಔರಾದಿನ ಗಾಡಿ ಬಂದು ನಿಂತಿತು. ಬೀಗತಿ ಒಳಗೆ ಬಂದವರು ಮೂಗು ಮುಚ್ಚಲು ಎತ್ತಿದ ಸೆರಗನ್ನು ಹಾಗೇ ಕೆಳಗೆ ಬಿಟ್ಟರು. "ಅಯ್ಯ, ಹೊಗಿನೇ ಇಲ್ಲಲ್ಲ!" ಎಂದರು. ನನ್ನ ಉಪಾಯ ಫಲಿಸಿತ್ತು. ಇನ್ನು ನಾನು ಚಹಾ ಕುಡಿದು ಎದ್ದರೆ ಮುಗಿಯಿತು.

ಆದರೆ ಬೀಗತಿ ಅಲ್ಲಿಗೆ ನಿಲ್ಲಿಸಲಿಲ್ಲ. "ನೋಡ್ರಿ, ಕಲಿತ್ರ ಬರ್ತದ. ಎಷ್ಟಂದ್ರೂ ಬೀಗರ ಕಟ್ಟಿಗಿ, ಎಂಥವ್ರಿಗೂ ಕಲಸ್ತದ. ಆದ್ರ ಇವತ್ತು ಹತ್ತಿತು, ನಾಳಿ ಕೈ ತಪ್ಪಿದ್ರ? ಕೂಸಿನ ಮಾತು. ಗಾಡಿ ಬಂದದ, ಹೊರಡ್ಲಿ ಬಿಡ್ರಿ. ಅಶ್ವಿನಿ, ಬಟ್ಟಿ ತಗೋ ಅವ್ವಾ."

ಅಕ್ಕ ಒಳಗೆ ಹೋಗಿ ಅಂಟಿನುಂಡಿಯ ಡಬ್ಬಿ ತಂದು ಅಶ್ವಿನಿಯ ಚೀಲದ ಪಕ್ಕದಲ್ಲಿಟ್ಟಳು. ಅವಳ ಅಂಗೈಯ ಬಟ್ಟೆ ಸಡಿಲವಾಗಿ ಬೊಬ್ಬೆಗಳು ಕಂಡವು. ನಾನು ಎದ್ದೆ. ಹಿತ್ತಿಲಿಗೆ ಹೋದೆ. ಎರಡು ಕೈಯಲ್ಲಿ ನಾಲ್ಕು ತುಂಡು ಹಿಡಿದು ಬಂದೆ. ಬೀಗರು, ಬೀಗತಿ, ಭಾವ, ಅಶ್ವಿನಿ ಎಲ್ಲರ ನಡುವೆ ನಿಂತು ಮೊದಲು ಇಂದಿನದನ್ನು ಬಡಿದೆ. ಠಣ್. ಆಮೇಲೆ ಆವತ್ತು ಕಳಿಸಿದ್ದನ್ನು ಬಡಿದೆ. ಧಪ್. ನನ್ನ ಜೀವಮಾನದಲ್ಲಿ ಆ ದನಿ ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ. ನಂತರ ಮಾತಾಡಿದೆ.

ಏನು ಮಾತಾಡಿದೆ ಎನ್ನುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಎಂಟು ದಿನ ತಪ್ಪಿಸಿಕೊಂಡವನು ಇನ್ನೊಂದು ಗಳಿಗೆ ತಪ್ಪಿಸಿಕೊಳ್ಳದೆ ಇರುತ್ತಾನೆಯೆ? ಮೊದಲು ಆಮೇಲಿನದನ್ನು ಹೇಳಿಬಿಡುತ್ತೇನೆ. ಬೀಗತಿ ಎದ್ದು ಹೋಗಿ ಅಕ್ಕನ ಕೈ ಬಿಡಿಸಿ ಬೊಬ್ಬೆ ನೋಡಿ, "ಹಸಿ ಜಾಲಿ ಸೀಳೀರೇನ್ರಿ ಈ ಕೈಲೆ? ಹಂಗಾದ್ರ ನಿಮ್ಮ ಪಾಲಿಂದು ಸುಟ್ಟು ನಿಮಗೇ ಮಾತಾಡಿದೆನಲ್ಲ ನಾ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಅಶ್ವಿನಿಯ ಚೀಲ ಒಳಗೆ ಹೋಯಿತು. ಅವಳನ್ನು ಒಯ್ಯಲು ಬಂದ ಗಾಡಿ ಮರುದಿನ ಮತ್ತೆ ಬಂತು, ಔರಾದಿನಲ್ಲಿ ಉಳಿದಿದ್ದ ಬೇವು ಜಾಲಿಯನ್ನೆಲ್ಲ ಹೇರಿಕೊಂಡು. ಭಾಲ್ಕಿಯಿಂದ ಹೊರಟು ಔರಾದು ಸುತ್ತಿ ಚಿದ್ರಿ ಸೇರಿದ ಆ ಕಟ್ಟಿಗೆ ನಮ್ಮ ಬಳಗದಲ್ಲಿ ನನಗಿಂತ ಹೆಚ್ಚು ಊರು ನೋಡಿದೆ. ಅಡ್ಡಾಕ್ಕೆ ಬರುವವರು ಈಗಲೂ ಬರುತ್ತಾರೆ. ಮೊದಲಿನ ಹಾಗೆ ನನ್ನ ಮಾತು ನಂಬದೆ ತಾವೇ ಎರಡು ತುಂಡು ಬಡಿದು ನೋಡಿ ಒಯ್ಯುತ್ತಾರೆ, ಅಷ್ಟೇ ವ್ಯತ್ಯಾಸ. ಯಾರಾದರೂ, "ಇದನ್ನ ಎಲ್ಲಿ ಕಲತೀರಿ?" ಎಂದರೆ ನಾನು ಎದೆ ಉಬ್ಬಿಸಿ, "ಚಿದ್ರಿ ಕಮಳಾಬಾಯಿ ಶಿಷ್ಯ ನಾ" ಎನ್ನುತ್ತೇನೆ. ಮೊದಲಿಗಿಂತ ಹೆಚ್ಚೇ ಉಬ್ಬುತ್ತದೆ.

ಇನ್ನು ತಪ್ಪಿಸಿಕೊಳ್ಳಲು ಏನೂ ಉಳಿದಿಲ್ಲ. ಸೋಮವಾರ ಬೆಳಿಗ್ಗೆ, ಕೈಯಲ್ಲಿ ಹಸಿ ಕಟ್ಟಿಗೆ ಹಿಡಿದು, ಹೊಗೆಯಿಲ್ಲದ ಆ ಪಡಸಾಲೆಯಲ್ಲಿ, ಕಣ್ಣೀರಿಗೆ ಯಾವ ನೆವವೂ ಇಲ್ಲದೆ ನಾನು ಆಡಿದ ಮಾತು ಇದು:

"ಅಕ್ಕಾ, ತಪ್ಪು ನಂದು. ನಿನ್ನ ಕೈದಲ್ಲ, ಭಾವನ ಒಲೀದೂ ಅಲ್ಲ. ನಿನ್ನ ಪಾಲಿನ ಒಣ ಕಟ್ಟಿಗಿ ನನ್ನ ದೊಡ್ಡಸ್ತಿಕಿ ತೋರ್ಸಲಾಕ ಔರಾದಕ್ಕ ಕಳಿಸಿ, ನಿನಗ ಹಸೀದು ಕೊಟ್ಟೆ. ಗೊತ್ತಿದ್ದೇ ಕೊಟ್ಟೆ. ನನಗ ಬಡದು ನೋಡೋದು ಕಲಿಸಿದಾಕಿ ನೀನು, ನಿನಗೇ ಒಲಿ ಹಚ್ಚೋ ಪಾಠ ಹೇಳಿದೆ. ಹೊಟ್ಯಾಗ ಹಾಕ್ಕೋ ಅಕ್ಕಾ. ಆದ್ರ ಒಂದ್ ಮಾತು... ಔರಾದಕ್ಕ ಹೋದದ್ದು ಮಾತ್ರ ಒಂದು ತುಂಡೂ ಹೊಗಿ ಹಾಕಿಲ್ಲ, ಬೇಕಾದ್ರ ಬೀಗತಿಗೆ ಕೇಳು."